ಬಾಯಿಪಾಠ ಕಲಿತ ಇಲಿ

ನನಗೊಂದು ಚಟವಿದೆ. ಗೊತ್ತಿಲ್ಲದ ದೊಡ್ಡ ಕಟ್ಟಡದೊಳಗೆ ಕಾಲಿಟ್ಟರೆ ಎಡಗೈ ತಾನಾಗಿ ಗೋಡೆಯ ಕಡೆ ಹೋಗುತ್ತದೆ. ಆಸ್ಪತ್ರೆಯಿರಲಿ, ಕಲ್ಯಾಣ ಮಂಟಪವಿರಲಿ, ಎಡಗಡೆಯ ಗೋಡೆಗೆ ಅಂಟಿಕೊಂಡೇ ನಡೆಯುತ್ತೇನೆ. ಹೋದ ತಿಂಗಳು ಹೆಂಡತಿಯ ಜೊತೆ ಹೊಸದಾಗಿ ತೆರೆದ ಒಂದು ಭಾರಿ ಅಂಗಡಿಗೆ ಹೋಗಿದ್ದೆ. ಬೇಳೆಯಿಂದ ಹಿಡಿದು ಬನಿಯನ್ನಿನವರೆಗೆ ಎಲ್ಲವೂ ಒಂದೇ ಸೂರಿನಡಿ ಸಿಗುವಂಥದ್ದು. ನಮಗೆ ಬೇಕಾಗಿದ್ದದ್ದು ಟೀ ಸೋಸುವ ಒಂದು ಜಾಲರಿ. ಪಾತ್ರೆಗಳ ಕಪಾಟಿನ ಎಡಬದಿ ಹಿಡಿದು ಹೊರಟವನು ತಿರುಗಿ ತಿರುಗಿ ಪಾತ್ರೆಗಳ ಮುಂದೆಯೇ ಬಂದು ನಿಂತೆ. ಮೂರನೆಯ ಸುತ್ತಿನಲ್ಲಿ ಹೆಂಡತಿ ಅದೇ ಕುಕ್ಕರಿನ ಎದುರು ನಿಂತು, ಈ ಕುಕ್ಕರಿಗೆ ಇನ್ನೆಷ್ಟು ಪ್ರದಕ್ಷಿಣೆ ಬಾಕಿಯಿದೆ, ಹರಕೆಯೇನಾದರೂ ಹೊತ್ತಿದ್ದೀರಾ ಎಂದು ಕೇಳಿದಳು. ಅಂಗಡಿಯ ಹುಡುಗಿ ನಕ್ಕಳು. ನಾನು ನಗಲಿಲ್ಲ, ಯಾಕೆಂದರೆ ಇದೇ ತಪ್ಪನ್ನು ಬಹಳ ವರ್ಷಗಳ ಹಿಂದೆ ಒಂದು ಇಲಿಗೆ ನಾನೇ ಕಲಿಸಿದ್ದೆ.

ಇಲಿಯೆಂದರೆ ಜೀವದ ಇಲಿಯಲ್ಲ. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಾವು ಮೂವರು ಸೇರಿ ಮಾಡಿದ ಎರಡು ಗಾಲಿಯ ಪುಟ್ಟ ರೋಬೋ. ಗೋಡೆಗಳನ್ನು ನಿಲ್ಲಿಸಿ ಮಾಡಿದ ಸಿಕ್ಕುಸಿಕ್ಕಾದ ಓಣಿಗಳಲ್ಲಿ ಅದನ್ನು ಒಂದು ಮೂಲೆಯಿಂದ ಬಿಟ್ಟರೆ, ಯಾರೂ ಹೇಳಿಕೊಡದೆ, ಅದು ದಾರಿ ಹುಡುಕಿಕೊಂಡು ನಟ್ಟನಡುವಿನ ಮನೆ ಸೇರಬೇಕು. ಅದು ಎರಡು ಸಾವಿರದ ಇಸವಿಯ ಆಸುಪಾಸು. ನಾನು ಚಳ್ಳಕೆರೆಯವನು. ಸಲೀಮನೂ ಚಳ್ಳಕೆರೆಯವನೇ, ಅವನ ತಂದೆಗೆ ಬಸ್‌ಸ್ಟ್ಯಾಂಡಿನ ಹಿಂದೆ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜಿತ್ತು. ಮೂರನೆಯವನು ಮೊಳಕಾಲ್ಮೂರಿನ ತಿಪ್ಪೇಸ್ವಾಮಿ, ರೇಷ್ಮೆ ಸೀರೆ ನೇಯುವವರ ಮನೆಯ ಹುಡುಗ. ಮೂವರೂ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆವು. ಕಾಲೇಜು ಯಾವುದೆಂದು ಮಾತ್ರ ಕೇಳಬೇಡಿ. ಅದು ಈಗಲೂ ಇದೆ, ಮಾನವೂ ಒಂದಿಷ್ಟು ಉಳಿದಿರಬಹುದು.

ಆ ಕಾಲೇಜಿನಲ್ಲೊಂದು ಹೊಸ ಲ್ಯಾಬಿತ್ತು. ಉದ್ಘಾಟನೆಗೆ ಬಂದ ದೊಡ್ಡವರು ಒಂದೊಂದು ಕಂಪ್ಯೂಟರಿಗೂ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಹೋದ ಮೇಲೆ ಅವನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಪ್ಲಾಸ್ಟಿಕ್ ಹೊದಿಕೆ ತೆಗೆಯುತ್ತಿದ್ದದ್ದು ಇನ್‌ಸ್ಪೆಕ್ಷನ್ ದಿನ ಮಾತ್ರ. ಚಿಪ್ಪಿಗೆ ಪ್ರೋಗ್ರಾಂ ತುಂಬುವ ಯಂತ್ರ ಒಂದೇ ಒಂದಿತ್ತು, ಅದು ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಒಬ್ಬ ಮೇಡಂ ಹತ್ತಿರವಿತ್ತು, ಮೇಡಂ ಸಾಮಾನ್ಯವಾಗಿ ರಜೆಯಲ್ಲಿರುತ್ತಿದ್ದರು. ಆ ಚಿಪ್ಪಿನ ನಲವತ್ತು ಕಾಲುಗಳ ಹೆಸರನ್ನು ನಾವು ಒಂದರಿಂದ ನಲವತ್ತರವರೆಗೆ ಉಸಿರು ಬಿಡದೆ ಹೇಳುತ್ತಿದ್ದೆವು. ಚಿಪ್ಪನ್ನು ಕಣ್ಣಾರೆ ಕಂಡದ್ದು ಮಾತ್ರ ಕೊನೆಯ ವರ್ಷದಲ್ಲಿ. ಕಂಡಾಗ ನನಗೆ ಗುರುತೇ ಸಿಗಲಿಲ್ಲ. ಪುಸ್ತಕದಲ್ಲಿ ಅದು ಅಂಗೈಯಗಲ ಇತ್ತು.

ಪ್ರಾಜೆಕ್ಟನ್ನು ಎಲ್ಲರೂ ಕೈಯಾರೆ ಮಾಡತಕ್ಕದ್ದು ಎಂದು ನಮ್ಮ ಎಚ್‌ಓಡಿ ನೋಟಿಸು ಹಾಕಿದರು. ಅದನ್ನು ಓದಿದ ಮರುದಿನವೇ ನಮ್ಮ ಕ್ಲಾಸಿನ ಅರ್ಧ ಜನ ಬೆಂಗಳೂರಿನ ಬಸ್ಸು ಹತ್ತಿದರು. ಅಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳಿದ್ದವು. ಡಬ್ಬಿ, ಅದರ ಜೊತೆ ಬೈಂಡ್ ಮಾಡಿದ ವರದಿ, ವರದಿಯ ಮೊದಲ ಪುಟದಲ್ಲಿ ಹೆಸರು ಬರೆದುಕೊಳ್ಳಲು ಖಾಲಿ ಜಾಗ. ಹೀಗೆ ಆರು ತಂಡಗಳು ಆರು ದಿಕ್ಕಿನಿಂದ ಒಂದೇ ಟ್ರಾಫಿಕ್ ದೀಪವನ್ನು ಹೊತ್ತುಕೊಂಡು ಬಂದವು. ನಾವು ಮೂವರು ಹೋಗಲಿಲ್ಲ. ಆದರ್ಶ ಅಂದುಕೊಳ್ಳಬೇಡಿ. ಲೈಬ್ರರಿಯ ಹಳೆಯ ಪತ್ರಿಕೆಯೊಂದರಲ್ಲಿ ಇಲಿಯ ಚಿತ್ರ ನೋಡಿದ ನಾನು ಇಡೀ ಕ್ಲಾಸಿನ ಮುಂದೆ ಇದನ್ನು ಮಾಡಿಯೇ ಮಾಡುತ್ತೇನೆ ಎಂದು ಬಾಯಿ ಬಿಟ್ಟುಬಿಟ್ಟಿದ್ದೆ. ನಾನು ಕ್ಲಾಸಿಗೆ ಫಸ್ಟ್. ಫಸ್ಟ್ ಬರುವವರಿಗೆ ಇಂಥ ಕಾಯಿಲೆಗಳು ಇರುತ್ತವೆ.

ತಿಪ್ಪೇಸ್ವಾಮಿಯದು ಬೇರೆ ಕಥೆ. ಅವನು ನಮಗಿಂತ ಒಂದು ವರ್ಷ ಹಿರಿಯ. ಹಿಂದಿನ ವರ್ಷದ ಪ್ರಾಜೆಕ್ಟ್ ವೈವಾದಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದ ಒಂದಕ್ಕೂ ಬಾಯಿ ಬಿಡಲಾಗದೆ ಕಂಬದ ಹಾಗೆ ನಿಂತು, ಫೇಲಾಗಿ, ನಮ್ಮ ಜೊತೆಗೆ ಬಂದು ಕೂತಿದ್ದ. ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದು ಕನ್ನಡದಲ್ಲಿತ್ತು, ಅರ್ಧ ತೆಲುಗಿನಲ್ಲಿತ್ತು. ಈ ಸಲವೂ ಹಾಗೇ ಆದರೆ ಮೂರನೇ ಸಲ ಕಟ್ಟುವುದಿಲ್ಲ, ಓದು ಬಿಟ್ಟು ಅಪ್ಪನ ಜೊತೆ ಮಗ್ಗಕ್ಕೆ ಕೂರುತ್ತೇನೆ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದ. ಅದಕ್ಕೇ ನನ್ನ ತಂಡ ಸೇರಿದ್ದ. ನಾನು ಮಾತಾಡುತ್ತೇನೆ, ಅವನು ಪಕ್ಕದಲ್ಲಿ ನಿಂತಿರುತ್ತಾನೆ ಎಂಬುದು ಒಪ್ಪಂದ. ಅವನಿಗೆ ಬೇಕಾಗಿದ್ದದ್ದು ಒಂದು ಪಾಸು, ಅಷ್ಟೇ.

ಇಲಿ ಹುಟ್ಟಿದ್ದು ಸಲೀಮನ ಅಬ್ಬಾರ ಗ್ಯಾರೇಜಿನಲ್ಲಿ. ಮೊದಲಿಗೆ ನಾವು ಹಳೇ ಕಾರಿನ ವೈಪರ್ ಮೋಟಾರುಗಳನ್ನು ಜೋಡಿಸಿದೆವು. ಅದನ್ನು ಓಡಿಸಲು ಸ್ಕೂಟರ್ ಬ್ಯಾಟರಿಯನ್ನೇ ಮೇಲೆ ಹೊರಿಸಬೇಕಾಯಿತು. ಹೀಗೆ ಹುಟ್ಟಿದ ಇಲಿ ಕುರಿಮರಿಯಷ್ಟು ತೂಕವಿತ್ತು. ನಾವು ನಿಲ್ಲಿಸಿದ್ದ ರಟ್ಟಿನ ಗೋಡೆಗಳಲ್ಲಿ ದಾರಿ ಹುಡುಕುವ ಗೊಡವೆಗೇ ಹೋಗದೆ, ಎಲ್ಲವನ್ನೂ ಕೆಡವಿಕೊಂಡು ನೇರವಾಗಿ ನಡುಮನೆಗೆ ಹೋಗಿ ನಿಂತಿತು. ಸಲೀಮನ ಅಬ್ಬಾ ಟ್ರ್ಯಾಕ್ಟರಿನ ಕೆಳಗಿಂದ ತಲೆ ಹೊರಗೆ ಹಾಕಿ ನೋಡಿ, "ಅರೆ ಬೇಟಾ, ಇದಕ್ಕೆ ಬ್ರೇಕ್ ಎಲ್ಲೈತೆ?" ಎಂದರು.

ನಾನು ಕಂಟ್ರೋಲ್ ಸಿಸ್ಟಮ್ಸ್ ಎಂಬ ವಿಷಯದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದವನು. ನಿಲ್ಲಿಸುವುದರ ಬಗ್ಗೆ ಎಂಟು ಪುಟ ಬರೆಯಬಲ್ಲೆ. ಗಾಡಿ ಎಂದ ಮೇಲೆ ಬ್ರೇಕು ಬೇಕು ಎಂಬುದು ಮಾತ್ರ ಹೊಳೆದಿರಲಿಲ್ಲ. ಕರೆಂಟು ಕಿತ್ತರೆ ನಿಲ್ಲುತ್ತದೆ ಅಂದೆ. ನಿಲ್ಲಲ್ಲ, ಉರುಳ್ತೈತೆ, ಒಂದು ಚಣ ಉಲ್ಟಾ ತಿರುಗಿಸಿ ಬಿಡು ಎಂದು ಅವರು ಹೇಳಿಕೊಟ್ಟರು. ಆಮೇಲೆ ಆಟಿಕೆ ಕಾರುಗಳ ಸಣ್ಣ ಮೋಟಾರು ಬಂತು, ಉಲ್ಟಾ ತಿರುಗಿಸುವ ಬ್ರೇಕು ಬಂತು, ಗೋಡೆ ಹತ್ತಿರವಿದೆಯೋ ದೂರವಿದೆಯೋ ನೋಡುವ ಕಣ್ಣುಗಳು ಬಂದವು. ಈ ಕಣ್ಣುಗಳು ನಮ್ಮ ಚಳ್ಳಕೆರೆ ಬಿಸಿಲಿಗೆ ಕುರುಡಾಗುತ್ತಿದ್ದವು. ಪತ್ರಿಕೆಯಲ್ಲಿ ಇಲಿ ಮಾಡಿದ ಪುಣ್ಯಾತ್ಮ ಬಿಸಿಲನ್ನೇ ಕಂಡವನಲ್ಲವೇನೋ. ಕೊನೆಗೆ ನಮ್ಮ ಮನೆಯ ಎರಡು ಕರಿ ಕಂಬಳಿಗಳನ್ನು ಗ್ಯಾರೇಜಿನ ಬಾಗಿಲಿಗೆ ಕಟ್ಟಿ ಕತ್ತಲು ಮಾಡಿಕೊಂಡೆವು. ಅವ್ವ ಆ ಕಂಬಳಿಗಳನ್ನು ಮತ್ತೆ ಮನೆಯೊಳಗೆ ಸೇರಿಸಲಿಲ್ಲ, ಗ್ರೀಸಿನ ವಾಸನೆ ಹೋಗಿರಲಿಲ್ಲ.

ಎಡಗೋಡೆಯ ನಿಯಮ ಬಂದದ್ದು ಆಗಲೇ. ಎಡಗಡೆಯ ಗೋಡೆಯನ್ನು ಬಿಡದೆ ಹಿಡಿದು ಹೋದರೆ ಎಂಥ ಸಿಕ್ಕಿನಿಂದಲೂ ಹೊರಗೆ ಬರಬಹುದು ಎಂದು ಪತ್ರಿಕೆಯಲ್ಲಿತ್ತು. ಗ್ಯಾರೇಜಿನ ರಟ್ಟಿನ ಓಣಿಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು. ನಾನು ಗೆದ್ದೆನೆಂದುಕೊಂಡೆ. ಆದರೆ ವೈವಾಕ್ಕೆಂದು ಕಾಲೇಜಿನಲ್ಲಿ ಪ್ಲೈವುಡ್ ಹಲಗೆಯ ಮೇಲೆ ಮೊಳೆ ಹೊಡೆದು ಮಾಡಿಸಿದ್ದ ಓಣಿಗಳಲ್ಲಿ, ನಡುಮನೆಯ ಗೋಡೆ ಹೊರಗಿನ ಯಾವ ಗೋಡೆಗೂ ತಾಗಿರಲಿಲ್ಲ. ನಮ್ಮ ಇಲಿ ಅದರ ಹೊರಗೆ ಸುತ್ತಿತು. ಸುತ್ತಿತು, ಸುತ್ತಿತು, ಬ್ಯಾಟರಿ ಮುಗಿಯುವವರೆಗೂ ಸುತ್ತಿತು. ಕುಕ್ಕರಿನ ಮುಂದೆ ನನಗಾದದ್ದು ಇದೇ.

ತಿಪ್ಪೇಸ್ವಾಮಿ ಬೇರೆ ದಾರಿ ಹಿಡಿದ. ಅವನ ಮನೆಯಲ್ಲಿ ಸೀರೆಯ ಅಂಚಿನ ನಕ್ಷೆಗೆಂದು ತಂದ ಚೌಕಳಿ ಹಾಳೆಗಳಿದ್ದವು. ಅವುಗಳ ಮೇಲೆ ಹಲಗೆಯ ಅರವತ್ತನಾಲ್ಕು ಮನೆ ಬರೆದುಕೊಂಡು, ಒಂದೊಂದರಲ್ಲೂ ಪೆನ್ಸಿಲಿನಿಂದ ಅಂಕಿ ತುಂಬುವುದು, ಅಳಿಸುವುದು, ಮತ್ತೆ ತುಂಬುವುದು. ಏನೋ ಇದು ಎಂದು ಕೇಳಿದರೆ, ಇನ್ನೂ ಆಗಿಲ್ಲ ಕಣೋ ಎನ್ನುತ್ತಿದ್ದ. ವೈವಾಕ್ಕೆ ಹತ್ತು ದಿನ ಉಳಿದಾಗಲೂ ಅದು ಆಗಿರಲಿಲ್ಲ. ಆಗ ನನ್ನೊಳಗಿನ ರ್‍ಯಾಂಕ್ ವಿದ್ಯಾರ್ಥಿ ಎಚ್ಚೆತ್ತ.

ಈ ವಿದ್ಯಾರ್ಥಿಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮಪ್ಪ ಪರಶುರಾಂಪುರದಲ್ಲಿ ಮೇಷ್ಟ್ರಾಗಿದ್ದಾಗ ನಾನು ಅವರ ಸ್ಕೂಲಿನಲ್ಲೇ ಓದುತ್ತಿದ್ದೆ. ಒಮ್ಮೆ ಇನ್‌ಸ್ಪೆಕ್ಟರು ಬಂದಾಗ ಹಸುವಿನ ಮೇಲಿನ ಪ್ರಬಂಧವನ್ನು ಎಲ್ಲೂ ತಡೆಯದೆ ಒಪ್ಪಿಸಿದೆ. ಅವರು ಖುಷಿಯಾಗಿ, ಹಸುವಿನ ಬಾಲದಿಂದ ಏನು ಉಪಯೋಗ ಮಗು ಎಂದು ಕೇಳಿದರು. ಬಾಲ ಪ್ರಬಂಧದ ಕೊನೆಯಲ್ಲಿ ಬರುತ್ತಿತ್ತು. ನನಗೆ ಅಲ್ಲಿಗೆ ನೇರವಾಗಿ ಹೋಗುವ ದಾರಿ ಗೊತ್ತಿರಲಿಲ್ಲ. ಹಸು ಒಂದು ಸಾಕುಪ್ರಾಣಿ ಎಂಬಲ್ಲಿಂದ ಮತ್ತೆ ಶುರು ಮಾಡಿ, ಕೊಂಬು, ಕೆಚ್ಚಲು, ಗೊಬ್ಬರ ಎಲ್ಲ ದಾಟಿ ಬಾಲಕ್ಕೆ ಬರುವಷ್ಟರಲ್ಲಿ ಇನ್‌ಸ್ಪೆಕ್ಟರು ಪಕ್ಕದ ಕ್ಲಾಸಿಗೆ ಹೋಗಿದ್ದರು. ಆದರೂ ನನಗೆ ಬಹುಮಾನ ಕೊಟ್ಟರು. ಅಲ್ಲಿಂದ ಎಂಜಿನಿಯರಿಂಗ್‌ವರೆಗೆ ಎಲ್ಲ ಬಹುಮಾನಗಳೂ ನನಗೆ ಬಂದದ್ದು ಹೀಗೆಯೇ. ಈಗ ನಾನೂ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬಾಯಿಪಾಠ ಮಾಡಬೇಡಿ ಎಂದು ಪ್ರತಿ ವರ್ಷ ಮೊದಲ ದಿನ ಹುಡುಗರಿಗೆ ಹೇಳುವ ಭಾಷಣ ನನಗೆ ಪೂರ್ತಿ ಬಾಯಿಗೆ ಬರುತ್ತದೆ.

ಆ ವಿದ್ಯಾರ್ಥಿ ಹೇಳಿದ, ಹಲಗೆಯೇನು ಬದಲಾಗುವುದಿಲ್ಲವಲ್ಲ, ಇಲಿ ದಾರಿ ಯಾಕೆ ಹುಡುಕಬೇಕು? ಮೂರು ಮನೆ ಮುಂದೆ, ಎಡಕ್ಕೆ, ಎರಡು ಮನೆ ಮುಂದೆ, ಬಲಕ್ಕೆ ಎಂದು ಇಡೀ ದಾರಿಯನ್ನು ಬರೆದು ಚಿಪ್ಪಿಗೆ ತುಂಬಿಬಿಡೋಣ. ಸಲೀಮ ತಲೆ ಕೆರೆದುಕೊಂಡ. ತಿಪ್ಪೇಸ್ವಾಮಿ ಅದು ಸರಿಯಲ್ಲ ಅಂದ. ಸರಿ ಇರುವುದನ್ನು ನೀನು ಮಾಡಿದ್ದೀಯಾ ಅಂದೆ. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಇಲಿ ಒಂದು ನಿಮಿಷದೊಳಗೆ ನಡುಮನೆ ಸೇರಿ ದೀಪ ಹೊತ್ತಿಸಿತು. ಎಚ್‌ಓಡಿ ಬಂದು ನೋಡಿ, ಬುದ್ಧಿವಂತ ಇಲಿ ಎಂದು ಬೆನ್ನು ತಟ್ಟಿದರು. ತಟ್ಟಿದ್ದು ನನ್ನ ಬೆನ್ನನ್ನು.

ಆ ಭಾನುವಾರ ಇಲಿಯನ್ನು ತಿಪ್ಪೇಸ್ವಾಮಿಯ ಅಪ್ಪನಿಗೆ ತೋರಿಸಲು ಮೊಳಕಾಲ್ಮೂರಿಗೆ ಹೋದೆವು. ಮನೆಯ ನಡುವೆಯೇ ಗುಂಡಿ ಮಗ್ಗ. ಅವರು ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ನೇಯುತ್ತಿದ್ದರು. ನಾವು ಬಂದದ್ದು ಕಂಡು ಮೇಲೆ ಬಂದು, "ಏಮಿರಾ ಇದಿ?" ಇದೇನೋ ಎಂದು ಮಗನನ್ನು ತೆಲುಗಿನಲ್ಲಿ ಕೇಳಿದರು. ಓಣಿಗಳ ಹಲಗೆ ಕಾಲೇಜಿನಲ್ಲೇ ಇತ್ತು. ಪರವಾಗಿಲ್ಲ, ಸುಮ್ಮನೆ ಓಡುವುದನ್ನು ನೋಡಲಿ ಎಂದು ನಾನು ಸ್ವಿಚ್ ಒತ್ತಿ ಇಲಿಯನ್ನು ನೆಲಕ್ಕೆ ಬಿಟ್ಟೆ. ಅದು ಮೂರು ಮನೆ ದೂರ ಮುಂದೆ ಹೋಗಿ, ಗೋಡೆಯೇ ಇಲ್ಲದ ಬಯಲಲ್ಲಿ ಗಂಭೀರವಾಗಿ ಎಡಕ್ಕೆ ತಿರುಗಿತು. ಎರಡು ಮನೆ ಹೋಗಿ ಬಲಕ್ಕೆ ತಿರುಗಿತು. ಇಲ್ಲದ ಮೂಲೆಗಳನ್ನೆಲ್ಲ ಬಳಸಿಕೊಂಡು, ಇಲ್ಲದ ಓಣಿಗಳಲ್ಲಿ ಹಾಯ್ದು, ನೆಟ್ಟಗೆ ಮಗ್ಗದ ಗುಂಡಿಯ ಅಂಚಿಗೆ ಹೋಯಿತು. ಅವರು ಬಗ್ಗಿ ಹಿಡಿಯದಿದ್ದರೆ ಒಳಗೆ ಬೀಳುತ್ತಿತ್ತು. ಅವರ ಕೈಯಲ್ಲೂ ಅದರ ಗಾಲಿಗಳು ಎಡಕ್ಕೆ, ಬಲಕ್ಕೆ ಎಂದು ತಿರುಗುತ್ತಲೇ ಇದ್ದವು.

ಅವರು ಅದನ್ನು ಸ್ವಲ್ಪ ಹೊತ್ತು ನೋಡಿ ಮಗ್ಗದ ಮೇಲುಗಡೆ ಕೈ ತೋರಿಸಿದರು. ಅಲ್ಲಿ ತೂತು ಹೊಡೆದ ರಟ್ಟುಗಳ ಮಾಲೆ ನೇತಾಡುತ್ತಿತ್ತು. "ನೋಡಪ್ಪಾ, ನಮ್ ಜಕಾರ್ಡೂ ಇಂಗೇನೇ. ರಟ್ಟಿನಾಗೆ ತೂತು ಬಂದ್ರೆ ದಾರ ಎತ್ತುತೈತೆ, ಇಲ್ದಿದ್ರೆ ಇಲ್ಲ. ಸೀರೆ ಮ್ಯಾಲೆ ನವಿಲು ಬರ್ತೈತೆ. ಆದ್ರೆ ನವಿಲು ಅಂದ್ರೆ ಏನು ಅಂತ ಅದಕ್ಕೇನು ಗೊತ್ತು? ನೀವೂ ಇದಕ್ಕೆ ರಟ್ಟು ಹಾಕೀರಿ. ಇದು ದಾರಿ ಹುಡುಕ್ತಾ ಇಲ್ಲ."

ನಾಲ್ಕು ವರ್ಷದಲ್ಲಿ ನನ್ನ ಓದಿನ ಬಗ್ಗೆ ಒಬ್ಬರು ಹೇಳಿದ ನಿಜ ಅದೊಂದೇ. ನಾನು ನಕ್ಕು, ಅದು ಡೆಮೋ ಅಂಕಲ್ ಎಂದೆ. ತಿಪ್ಪೇಸ್ವಾಮಿ ನಗಲಿಲ್ಲ. ಅವರವ್ವ ಕೊಟ್ಟ ಮಂಡಕ್ಕಿ ಮೆಣಸಿನಕಾಯಿಯನ್ನೂ ಮುಟ್ಟದೆ ಚೌಕಳಿ ಹಾಳೆ ತೆಗೆದುಕೊಂಡು ಕೂತ. ಮುಂದಿನ ಒಂದು ವಾರ ಬಸ್ಸಿನಲ್ಲೂ ಅದೇ, ಕಾಲೇಜಿನಲ್ಲೂ ಅದೇ. ನಾವು ಚಳ್ಳಕೆರೆಯಲ್ಲಿ ಇಳಿದ ಮೇಲೆ, ತಳಕು ಊರು ದಾಟುವಾಗ ರಸ್ತೆಯ ಗುಂಡಿಗಳಿಗೆ ಪೆನ್ಸಿಲು ಹಾರುತ್ತಿತ್ತಂತೆ, ಇವನು ಅಳಿಸಿ ಮತ್ತೆ ಬರೆಯುತ್ತಿದ್ದನಂತೆ. ಬೀಗದ ಕೈಯ ಮೇಡಂ ಮನೆಗೇ ಹೋಗಿ ಕಾಡಿ ಬೇಡಿ ಎರಡನೆಯ ಚಿಪ್ಪೊಂದಕ್ಕೆ ತನ್ನ ಪ್ರೋಗ್ರಾಂ ತುಂಬಿಸಿಕೊಂಡ. ಅದನ್ನು ಒಂದು ಥರ್ಮೊಕೋಲ್ ತುಂಡಿಗೆ ಚುಚ್ಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಸೀರೆಗೆ ಅಂಚು ಸಿಕ್ತೇನೋ ಎಂದು ನಾನು ದಿನಾ ರೇಗಿಸುತ್ತಿದ್ದೆ. ಕ್ಲಾಸಿನವರೆಲ್ಲ ನಗುತ್ತಿದ್ದರು, ಅವನು ಬೇಜಾರು ಮಾಡಿಕೊಂಡದ್ದು ನನಗೆ ಕಾಣಲಿಲ್ಲ. ನಾನು ನೋಡಲೂ ಇಲ್ಲ.

ವೈವಾದ ಬೆಳಿಗ್ಗೆ, ಪರೀಕ್ಷಕರು ಬರುತ್ತಾರೆಂದು ಲ್ಯಾಬಿನ ನೆಲ ತೊಳೆಸಿದರು. ತೊಳೆಯುವವರು ನಮ್ಮ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿ, ನೆಲ ಒಣಗಿದ ಮೇಲೆ ಮತ್ತೆ ಹಾಸಿದರು. ಚೌಕದ ಹಲಗೆ, ನಾಲ್ಕೂ ಮೂಲೆ ಒಂದೇ ಥರ. ಅದು ಕಾಲು ಸುತ್ತು ಪಕ್ಕಕ್ಕೆ ತಿರುಗಿದೆ ಎಂಬುದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಪರೀಕ್ಷಕರು ಬಂದರು. ಟೀ ಕುಡಿದರು, ಬಿಸ್ಕೆಟ್ ತಿಂದರು, ಒಂದಾದ ಮೇಲೊಂದರಂತೆ ಆರು ಟ್ರಾಫಿಕ್ ದೀಪ ನೋಡಿದರು. ನಾಲ್ಕನೆಯದಕ್ಕೇ ಆಕಳಿಸಿ, ಆರನೆಯದನ್ನು ಕುರ್ಚಿಯಲ್ಲೇ ಕೂತು ದೂರದಿಂದ ನೋಡಿದರು. ನಮ್ಮ ಸರದಿ ಬಂತು. ನಾನು ನಿಂತು ಬಾಯಿಗೆ ಬಂದಿದ್ದ ಇಂಗ್ಲಿಷನ್ನೆಲ್ಲ ಒಪ್ಪಿಸಿದೆ. ಕೃತಕ ಬುದ್ಧಿಮತ್ತೆ ಎಂಬ ಮಾತನ್ನು ನಾಲ್ಕು ಸಲ ಬಳಸಿದ ನೆನಪು. ಆಮೇಲೆ ಗುಂಡಿ ಒತ್ತಿದೆ.

ಇಲಿ ಎದುರಿಗಿದ್ದ ಗೋಡೆಗೆ ಹೋಗಿ ಗುದ್ದಿತು. ಗುದ್ದಿ, ಮೂರು ಮನೆ ಆಗುವಷ್ಟು ಹೊತ್ತು ಅಲ್ಲೇ ಗಾಲಿ ತಿರುಗಿಸಿ, ಎಡಕ್ಕೆ ಹೊರಳಿ ಇನ್ನೊಂದು ಗೋಡೆಗೆ ಗುದ್ದಿತು. ಹಸು ಒಂದು ಸಾಕುಪ್ರಾಣಿ. ಲೂಸ್ ಕನೆಕ್ಷನ್ ಸರ್ ಅಂದೆ. ಎಚ್‌ಓಡಿಯವರೂ ಲೂಸ್ ಕನೆಕ್ಷನ್ ಅಂದರು. ನಮ್ಮ ಕಾಲೇಜಿನಲ್ಲಿ ಯಾವ ಪ್ರಾಜೆಕ್ಟೂ ತಪ್ಪಾಗಿ ಸೋತದ್ದಿಲ್ಲ, ಎಲ್ಲವೂ ಲೂಸ್ ಕನೆಕ್ಷನ್ನಿನಿಂದಲೇ ಸೋತವು. ಪರೀಕ್ಷಕರು ಮಾರ್ಕ್ಸ್ ಹಾಳೆಯ ಕಡೆ ತಿರುಗಿದರು.

ಆಗ ತಿಪ್ಪೇಸ್ವಾಮಿ ಮುಂದೆ ಬಂದ. ಯಾರನ್ನೂ ಕೇಳಲಿಲ್ಲ. ಮೊಣಕಾಲೂರಿ ಕೂತು, ಸ್ಕ್ರೂ ಡ್ರೈವರಿನಿಂದ ನನ್ನ ಚಿಪ್ಪನ್ನು ಮೆಲ್ಲಗೆ ಎಬ್ಬಿಸಿ ತೆಗೆದು, ಜೇಬಿನಲ್ಲಿದ್ದ ಚಿಪ್ಪನ್ನು ಅಲ್ಲಿ ಒತ್ತಿದ. ಸಲೀಮ ಇಲಿಯನ್ನು ಅಲುಗದಂತೆ ಹಿಡಿದುಕೊಂಡಿದ್ದ. ಇಲಿ ಹೊರಟಿತು. ಒಂದು ಮನೆ ಹೋಗಿ ನಿಂತಿತು. ಇನ್ನೊಂದು ಮನೆ ಹೋಗಿ ನಿಂತಿತು. ಒಂದು ಕುರುಡು ಓಣಿಗೆ ಹೊಕ್ಕು, ನಿಂತು, ಹಿಂದೆ ಬಂತು. ಇನ್ನೊಂದಕ್ಕೆ ಹೊಕ್ಕು ಅಲ್ಲಿಂದಲೂ ಹಿಂದೆ ಬಂತು. ಪರೀಕ್ಷಕರು ಗಡಿಯಾರ ನೋಡಿಕೊಂಡು, ಈ ಪ್ರೋಗ್ರಾಂ ಯಾರು ಬರೆದದ್ದು ಎಂದು ಕೇಳಿದರು.

"ತಿಪ್ಪೇಸ್ವಾಮಿ ಸರ್," ಅಂದೆ. "ಹೋದ ವರ್ಷ ಫೇಲಾದವನು ಸರ್."

ಎರಡನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ತಿಪ್ಪೇಸ್ವಾಮಿ ತಲೆ ಎತ್ತಲಿಲ್ಲ, ಇಲಿಯನ್ನೇ ನೋಡುತ್ತಿದ್ದ. ಅದು ಮತ್ತೆರಡು ಕಡೆ ತಪ್ಪಿ, ಮತ್ತೆರಡು ಕಡೆ ಹಿಂದೆ ಬಂದು, ಕೊನೆಗೊಂದು ಸಣ್ಣ ಸಂದಿನಲ್ಲಿ ತಿರುಗಿ ನಡುಮನೆಗೆ ಹೋಗಿ ದೀಪ ಹೊತ್ತಿಸಿತು. ಅವನು ಸ್ವಿಚ್ ಆರಿಸದೆ ಅದನ್ನು ಹಾಗೇ ಎತ್ತಿ ಮತ್ತೆ ಹೊರಟ ಮೂಲೆಯಲ್ಲಿಟ್ಟ. ಈ ಸಲ ಅದು ಎಲ್ಲೂ ನಿಲ್ಲಲಿಲ್ಲ. ತಪ್ಪಿದ ಓಣಿಗಳನ್ನೆಲ್ಲ ನೆನಪಿಟ್ಟುಕೊಂಡು, ಒಂದಕ್ಕೂ ಹೊಗದೆ, ಸೀದಾ ಒಳಗೆ ಹೋಯಿತು. ಪರೀಕ್ಷಕರು ಆ ದಿನ ಮೊದಲ ಬಾರಿಗೆ ಕುರ್ಚಿ ಬಿಟ್ಟು ಎದ್ದರು. ಹಲಗೆಯ ಮೇಲೆ ಬಗ್ಗಿ ನೋಡಿ, ಇದನ್ನು ಯಾರು ಬರೆದದ್ದು ಎಂದು ಮತ್ತೆ ಕೇಳಿದರು. ಅದೇ ಪ್ರಶ್ನೆ, ದನಿ ಮಾತ್ರ ಬೇರೆಯಾಗಿತ್ತು.

"ನಾವು ಮೂರೂ ಜನ ಸೇರಿ ಸರ್," ಅಂದೆ.

ಹೇಗೆ ಕೆಲಸ ಮಾಡುತ್ತದೆ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಗೊತ್ತಿರಲಿಲ್ಲ. ತಿಪ್ಪೇಸ್ವಾಮಿಗೆ ಗೊತ್ತಿತ್ತು, ಹೋದ ವರ್ಷದಂತೆಯೇ ಬಾಯಿ ಬರಲಿಲ್ಲ. ಅವನು ನನ್ನ ಕಡೆ ತಿರುಗಿ ಮೆತ್ತಗೆ, ನಡುಮನೆಗೆ ಸೊನ್ನೆ ಕೊಟ್ಟೀನಿ, ಪಕ್ಕದ ಮನೆಗೆ ಒಂದು, ಆಚೆ ಮನೆಗೆ ಎರಡು, ಸಣ್ಣ ನಂಬರ್ ಕಡೆ ಹೋಗು ಅಂದೀನಿ, ಗೋಡೆ ಅಡ್ಡ ಬಂದ್ರೆ ನಂಬರ್ ತಿದ್ಕಂತೈತೆ ಎಂದು ಹೇಳುತ್ತಾ ಹೋದ. ಅದನ್ನು ನಾನು ಇಂಗ್ಲಿಷಿಗೆ ಹಾಕಿ ಗಟ್ಟಿಯಾಗಿ ಹೇಳುತ್ತಾ ಹೋದೆ. ಇದು ಅವನು ಹೇಳಿದ್ದು ಎಂದು ಒಂದು ಸಲವೂ ಸೇರಿಸಲಿಲ್ಲ. ಪರೀಕ್ಷಕರು ನನ್ನ ಕಡೆ ನೋಡಿ ತಲೆಯಾಡಿಸಿದರು. ನನಗೂ ಅರ್ಥವಾಗುತ್ತಿದ್ದದ್ದು ಆಗಲೇ, ಹೇಳುತ್ತಾ ಹೇಳುತ್ತಾ. ಎಂಥ ಚೆಂದದ ಯೋಚನೆ ಅನ್ನಿಸಿತು. ಒಂದು ಗಳಿಗೆ ಅದು ನನ್ನದೇ ಅನ್ನಿಸಿತು. ಇವತ್ತಿಗೂ ನಾಚಿಕೆಯಾಗುವುದು ಆ ಗಳಿಗೆಗೆ.

ಮಾರ್ಕ್ಸ್ ಆಮೇಲೆ ಬಂತು. ಪ್ರಾಜೆಕ್ಟಿನಲ್ಲಿ ನನ್ನದೇ ಕ್ಲಾಸಿಗೆಲ್ಲ ಹೆಚ್ಚು. ಸಲೀಮನಿಗೆ ಪರವಾಗಿಲ್ಲ ಎನ್ನುವಷ್ಟು. ತಿಪ್ಪೇಸ್ವಾಮಿಗೆ ಪಾಸಾಗುವುದಕ್ಕೆ ಎಷ್ಟು ಬೇಕೋ ಅಷ್ಟು. ಅದಿರಲಿ, ವೈವಾದ ಸಂಜೆಯ ಮಾತು ಹೇಳಿಬಿಡುತ್ತೇನೆ.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂರುತ್ತಿದ್ದವರು. ಅವತ್ತು ಸಲೀಮ ನನ್ನ ಪಕ್ಕ ಕೂರದೆ ಡ್ರೈವರ್ ಹಿಂದಿನ ಸೀಟಿಗೆ ಹೋದ. ಚಳ್ಳಕೆರೆ ಬಂದಾಗ ಇಳಿದು, ನನಗೆ ಕಾಯದೆ ಗ್ಯಾರೇಜಿನ ಕಡೆ ನಡೆದ. ತಿಪ್ಪೇಸ್ವಾಮಿ ಅದೇ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಹೋಗಬೇಕಿತ್ತು. ನಾನು ಇಳಿದು ಕೆಳಗೆ ನಿಂತಿದ್ದೆ. ಏನೋ ಹೇಳಬೇಕೆಂದುಕೊಂಡೆ, ಯಾವ ಭಾಷೆಯಲ್ಲೂ ಬರಲಿಲ್ಲ. ಬಸ್ಸು ಹೊರಟಾಗ ಅವನೇ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮುಖ ತುಂಬಾ ನಗುವಿತ್ತು, ಅದರಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ.

"ಲೇ, ನೀನು ಇಲ್ದಿದ್ರೆ ಈ ಸಲಾನೂ ಹೋಗ್ತಿತ್ತು ಕಣೋ. ನೀನು ಹೇಳಿದ್ದಕ್ಕೆ ಪಾಸಾಗ್ತೀನಿ."

ನಾನು ಕೈ ಎತ್ತಿ, "ಅದರಾಗೇನೈತೆ ಬಿಡಲೇ," ಅಂದೆ.